ನೆಹರೂ ಅಜ್ಜನ ನಿಜ ಹೆಸರು ಗಿಯಾಸುದ್ದೀನ್ ಘಾಜಿಯೇ? ನಾಯಕರ ವಂಶಾವಳಿ ಫಾರ್ವರ್ಡ್‌ಗಳನ್ನು ಪರೀಕ್ಷಿಸುವುದು ಹೇಗೆ

ಚುನಾವಣೆ ಹತ್ತಿರ ಬಂದರೆ ಸಾಕು, ಒಂದು ಉದ್ದನೆಯ ಮೆಸೇಜ್ ಮತ್ತೆ ಗ್ರೂಪಿನಿಂದ ಗ್ರೂಪಿಗೆ ಓಡಾಡಲು ಶುರುವಾಗುತ್ತದೆ. ಮೇಲೆ ನಾಲ್ಕು ಕೆಂಪು ಗುರುತು, "ನಿಮಗೆ ಗೊತ್ತಿಲ್ಲದ ಇತಿಹಾಸ" ಎಂಬ ತಲೆಬರಹ, ಕೆಳಗೆ "ಡಿಲೀಟ್ ಆಗುವ ಮುನ್ನ ಎಲ್ಲರಿಗೂ ಕಳಿಸಿ" ಎಂಬ ಅಪ್ಪಣೆ. ನಡುವೆ ಇರುವುದು ಜವಾಹರಲಾಲ್ ನೆಹರೂ ಕುಟುಂಬದ "ಅಸಲಿ ವಂಶವೃಕ್ಷ".

ಅದರಲ್ಲಿ ಸಾಮಾನ್ಯವಾಗಿ ಮೂರು ಮಾತುಗಳಿರುತ್ತವೆ.

ಒಂದು: ನೆಹರೂ ಅವರ ಅಜ್ಜ ಗಂಗಾಧರ ನೆಹರೂ ನಿಜಕ್ಕೂ ಗಿಯಾಸುದ್ದೀನ್ ಘಾಜಿ. ಮೊಘಲರ ಕೊತ್ವಾಲನಾಗಿದ್ದವರು, 1857ರ ದಂಗೆಯ ನಂತರ ಬ್ರಿಟಿಷರಿಗೆ ಹೆದರಿ ಹೆಸರು ಬದಲಿಸಿಕೊಂಡರು.

ಎರಡು: ಮಹಮ್ಮದ್ ಅಲಿ ಜಿನ್ನಾ ಮತ್ತು ಶೇಖ್ ಅಬ್ದುಲ್ಲಾ ಇಬ್ಬರೂ ಮೋತಿಲಾಲ್ ನೆಹರೂ ಅವರ ಮಕ್ಕಳು.

ಮೂರು: ಇಂದಿರಾ ಗಾಂಧಿಯವರ ಗಂಡ ಫಿರೋಜ್ ಖಾನ್ ಎಂಬ ಮುಸ್ಲಿಂ. ಮದುವೆಗಾಗಿ ಮಹಾತ್ಮ ಗಾಂಧಿ ತಮ್ಮ ಹೆಸರು ಕೊಟ್ಟರು.

ಚುಟುಕಾಗಿ ಹೇಳುವುದಾದರೆ ಮೂರೂ ಸುಳ್ಳು. ಆದರೆ "ಸುಳ್ಳು" ಎಂದು ಹೇಳಿ ಕೈತೊಳೆದುಕೊಂಡರೆ ಮುಂದಿನ ತಿಂಗಳು ಬೇರೆ ನಾಯಕರ ವಂಶಾವಳಿ ಬಂದಾಗ ನಾವು ಮತ್ತೆ ಅಲ್ಲೇ ನಿಂತಿರುತ್ತೇವೆ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡೋಣ.

ಗಂಗಾಧರ ನೆಹರೂ ಯಾರು?

ಜವಾಹರಲಾಲ್ ನೆಹರೂ 1936ರಲ್ಲಿ ಪ್ರಕಟವಾದ ತಮ್ಮ ಆತ್ಮಚರಿತ್ರೆಯ ಮೊದಲ ಅಧ್ಯಾಯದಲ್ಲೇ ಮನೆತನದ ಕಥೆ ಹೇಳಿದ್ದಾರೆ. ಅದರ ಪ್ರಕಾರ ಅವರ ಪೂರ್ವಜ ರಾಜ್ ಕೌಲ್ ಸಂಸ್ಕೃತ ಮತ್ತು ಪರ್ಷಿಯನ್ ಪಂಡಿತರು. ಸುಮಾರು 1716ರಲ್ಲಿ, ಮೊಘಲ್ ಬಾದಶಹ ಫರ್ರುಖ್‌ಸಿಯರ್ ಕಾಲದಲ್ಲಿ, ಕಾಶ್ಮೀರದಿಂದ ದೆಹಲಿಗೆ ಬಂದರು. ಕಾಲುವೆಯ ದಂಡೆಯ ಮೇಲೆ ಮನೆ ಸಿಕ್ಕಿತು. ಕಾಲುವೆಗೆ "ನಹರ್" ಎನ್ನುತ್ತಾರೆ. ಜನ ಕೌಲ್ ನೆಹರೂ ಎಂದು ಕರೆಯತೊಡಗಿದರು. ಕಾಲ ಕಳೆದಂತೆ "ಕೌಲ್" ಬಿದ್ದುಹೋಗಿ "ನೆಹರೂ" ಮಾತ್ರ ಉಳಿಯಿತು.

ಮುಂದೆ ಲಕ್ಷ್ಮೀನಾರಾಯಣ ನೆಹರೂ ದೆಹಲಿ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಕೀಲರಾದರು. ಗಂಗಾಧರ ನೆಹರೂ 1857ಕ್ಕೆ ಮುಂಚೆ ಕೆಲಕಾಲ ದೆಹಲಿಯ ಕೊತ್ವಾಲರಾಗಿದ್ದರು. ದಂಗೆಯಲ್ಲಿ ಎಲ್ಲವನ್ನೂ ಕಳೆದುಕೊಂಡ ಕುಟುಂಬ ಆಗ್ರಾಕ್ಕೆ ಹೋಯಿತು. 1861ರಲ್ಲಿ, ಕೇವಲ 34ನೇ ವಯಸ್ಸಿನಲ್ಲಿ ಗಂಗಾಧರರು ತೀರಿಕೊಂಡರು. ಅವರು ಹೋದ ಮೂರು ತಿಂಗಳಿಗೆ, 1861ರ ಮೇ 6ರಂದು ಮೋತಿಲಾಲ್ ಹುಟ್ಟಿದರು.

"ಅವರದೇ ಮನೆ ಕಥೆ, ಅವರೇ ಬರೆದುಕೊಂಡಿದ್ದಾರೆ, ನಂಬುವುದು ಹೇಗೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನೆತನದ ಕಥೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಅಂಶ ಇದ್ದೇ ಇರುತ್ತದೆ. ರಾಜ್ ಕೌಲ್ ಬಾದಶಹನ ಕಣ್ಣಿಗೆ ಬಿದ್ದದ್ದು ಹೇಗೆ ಎಂಬಂಥ ವಿವರಗಳನ್ನು ಅಕ್ಷರಶಃ ಒಪ್ಪಲೇಬೇಕಿಲ್ಲ. "ನೆಹರೂ" ಎಂಬ ಹೆಸರಿಗೆ ಮೂಲ ಕಾಶ್ಮೀರದಲ್ಲೇ ಇದೆ ಎನ್ನುವವರೂ ಇದ್ದಾರೆ. ಆದರೆ "ಆ ಸಣ್ಣ ವಿವರ ಅನುಮಾನ" ಎನ್ನುವುದಕ್ಕೂ "ಅವರು ಬೇರೆಯೇ ಮನುಷ್ಯ" ಎನ್ನುವುದಕ್ಕೂ ಬಹಳ ದೂರವಿದೆ. ಎರಡನೆಯದಕ್ಕೆ ಪುರಾವೆ ಬೇಕು. ಗಿಯಾಸುದ್ದೀನ್ ಘಾಜಿ ಎಂಬಾತನೇ ಗಂಗಾಧರ ಎಂದು ತೋರಿಸುವ ಆ ಕಾಲದ ಒಂದು ಪತ್ರವನ್ನಾಗಲಿ, ಕೋರ್ಟಿನ ಕಾಗದವನ್ನಾಗಲಿ, ಸರ್ಕಾರಿ ಕಡತವನ್ನಾಗಲಿ ಈ ಮೆಸೇಜ್ ಕೊಡುವುದಿಲ್ಲ.

ಕೆಲವು ಮೆಸೇಜ್‌ಗಳು ಯಾವುದೋ ವಿಶ್ವಕೋಶದ ಸಂಪುಟ ಸಂಖ್ಯೆ ಹಾಕಿರುತ್ತವೆ. ಸಂಖ್ಯೆ ನೋಡಿದ ಕೂಡಲೇ ನಂಬಿಕೆ ಬರುತ್ತದೆ, ನಿಜ. ಆದರೆ 1857ರ ಘಟನೆಯ ಬಗ್ಗೆ ನೂರೈವತ್ತು ವರ್ಷ ಬಿಟ್ಟು ಬಂದ ಪುಸ್ತಕದಲ್ಲಿ ಒಂದು ಸಾಲು ಇದ್ದರೆ ಅದು ಸಾಕ್ಷಿಯಲ್ಲ. ಆ ಪುಸ್ತಕಕ್ಕೆ ಆ ಮಾತು ಎಲ್ಲಿಂದ ಬಂತು ಎಂಬುದೇ ಮುಖ್ಯ.

"ಮೊಘಲರು ಹಿಂದೂವನ್ನು ಕೊತ್ವಾಲ ಮಾಡುತ್ತಿದ್ದರೇ?"

ಫಾರ್ವರ್ಡ್‌ನ ದೊಡ್ಡ ತರ್ಕ ಇದು. ಕೊತ್ವಾಲ ಎಂದರೆ ನಗರದ ಪೊಲೀಸ್ ಮುಖ್ಯಸ್ಥ. ಅಂಥ ಹುದ್ದೆ ಹಿಂದೂಗೆ ಸಿಗಲು ಸಾಧ್ಯವಿಲ್ಲ, ಆದ್ದರಿಂದ ಅವರು ಮುಸ್ಲಿಂ ಎಂಬುದು ವಾದ.

ಇಲ್ಲಿ ಇತಿಹಾಸವೇ ತಪ್ಪಿದೆ. 1803ರಲ್ಲಿ ಲಾರ್ಡ್ ಲೇಕ್ ಸೈನ್ಯ ಮರಾಠರನ್ನು ಸೋಲಿಸಿದ ಮೇಲೆ ದೆಹಲಿಯ ಆಡಳಿತ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಬಾದಶಹನ ಮಾತು ನಡೆಯುತ್ತಿದ್ದದ್ದು ಹೆಚ್ಚುಕಡಿಮೆ ಕೆಂಪುಕೋಟೆಯ ಗೋಡೆಯೊಳಗೆ ಮಾತ್ರ. 1850ರ ದಶಕದ ಕೊತ್ವಾಲ ಕೆಲಸ ಮಾಡುತ್ತಿದ್ದದ್ದು ಬ್ರಿಟಿಷ್ ಮ್ಯಾಜಿಸ್ಟ್ರೇಟರ ಕೈಕೆಳಗೆ. ಇನ್ನು ಮೊಘಲರ ಉಚ್ಛ್ರಾಯ ಕಾಲದಲ್ಲೂ ದೊಡ್ಡ ಹುದ್ದೆಗಳಲ್ಲಿ ಹಿಂದೂಗಳಿದ್ದರು. ಅಕ್ಬರನ ಕಂದಾಯ ವ್ಯವಸ್ಥೆ ಕಟ್ಟಿದ ರಾಜಾ ತೋದರಮಲ್ ಹೆಸರನ್ನು ಶಾಲೆಯಲ್ಲೇ ಓದಿದ್ದೇವೆ.

1857ರ ದಂಗೆ ನಡೆಯುತ್ತಿದ್ದ ತಿಂಗಳುಗಳಲ್ಲಿ ಮುಯಿನುದ್ದೀನ್ ಹಸನ್ ಖಾನ್, ಸೈಯದ್ ಮುಬಾರಕ್ ಶಾ ಕೊತ್ವಾಲರಾಗಿದ್ದರು ಎಂಬುದು ದಾಖಲಾಗಿದೆ. ಇಬ್ಬರೂ ತಮ್ಮ ಅನುಭವದ ಬರಹ ಬಿಟ್ಟುಹೋಗಿದ್ದಾರೆ. ಗಂಗಾಧರರು ಕೊತ್ವಾಲರಾಗಿದ್ದದ್ದು ದಂಗೆಗೆ ಮುಂಚೆ ಎಂದು ನೆಹರೂ ಬರೆದಿರುವುದರಿಂದ ಇವೆರಡಕ್ಕೆ ಜಗಳವಿಲ್ಲ. ದೆಹಲಿ ಪೊಲೀಸರು ತಮ್ಮ ಇಲಾಖೆಯ ಇತಿಹಾಸ ಹೇಳುವಾಗಲೂ ದಂಗೆಗೆ ಮೊದಲಿನ ಕೊತ್ವಾಲರೆಂದು ಕೊಡುವ ಹೆಸರು ಗಂಗಾಧರ ನೆಹರೂ.

ಹಾಗಾದರೆ "ನೆಹರೂ" ಎಂಬ ಹೆಸರು ಬೇರೆ ಯಾರಿಗೂ ಯಾಕಿಲ್ಲ?

ಇದು ನಮ್ಮ ಉತ್ತರ ಕರ್ನಾಟಕದವರಿಗೆ ಒಂದೇ ನಿಮಿಷದಲ್ಲಿ ಅರ್ಥವಾಗುವ ವಿಷಯ. ಬೆಲ್ಲದ, ಮೆಣಸಿನಕಾಯಿ, ಅಂಗಡಿ, ಹೊಸಮನಿ, ಬಾವಿಕಟ್ಟಿ ಇವೆಲ್ಲ ಅಡ್ಡಹೆಸರುಗಳೇ. ಯಾವುದೋ ಕಾಲದಲ್ಲಿ ಮಾಡಿದ ವ್ಯಾಪಾರ, ಕಟ್ಟಿದ ಮನೆ, ಮನೆ ಮುಂದಿನ ಬಾವಿ ಹೆಸರಾಗಿ ಅಂಟಿಕೊಂಡಿದೆ. ಬಾವಿ ಪಕ್ಕದಲ್ಲಿದ್ದವರು ಬಾವಿಕಟ್ಟಿ ಆಗಬಹುದಾದರೆ ಕಾಲುವೆ ಪಕ್ಕದಲ್ಲಿದ್ದವರು ನೆಹರೂ ಆಗುವುದರಲ್ಲಿ ವಿಚಿತ್ರವೇನಿಲ್ಲ. ಕಾಶ್ಮೀರಿ ಪಂಡಿತರಲ್ಲೂ ಹೀಗೆ ಅಡ್ಡಹೆಸರೇ ಮನೆತನದ ಹೆಸರಾದ ಉದಾಹರಣೆಗಳು ತುಂಬಾ ಇವೆ.

ವದಂತಿ ಹುಟ್ಟಲು ಜಾಗ ಎಲ್ಲಿ ಸಿಕ್ಕಿತು?

ಎರಡು ಕಡೆ. ಮೊದಲನೆಯದು ಒಂದು ಚಿತ್ರ. ಅಜ್ಜನ ಒಂದು ಪುಟ್ಟ ವರ್ಣಚಿತ್ರ ಮನೆಯಲ್ಲಿದೆ, ಅದರಲ್ಲಿ ಅವರು ಮೊಘಲ್ ದರ್ಬಾರಿನ ಉಡುಪು ತೊಟ್ಟು ಬಾಗಿದ ಕತ್ತಿ ಹಿಡಿದಿದ್ದಾರೆ, ನೋಡಿದವರು ಮೊಘಲ್ ಸರದಾರ ಎಂದುಕೊಳ್ಳಬಹುದು ಎಂದು ನೆಹರೂ ತಾವೇ ಬರೆದಿದ್ದಾರೆ. ಆ ಕಾಲದ ದೆಹಲಿಯಲ್ಲಿ ಅಧಿಕಾರಿಗಳ ಉಡುಪೇ ಅದು. ಮೈಸೂರಿನ ದರ್ಬಾರಿನ ಹಳೆಯ ಫೋಟೋಗಳಲ್ಲಿ ಉದ್ದ ಕೋಟು, ಪೇಟ ಹಾಕಿದವರನ್ನು ನೋಡಿ ನಾವು ಅವರ ಧರ್ಮ ನಿರ್ಧರಿಸುವುದಿಲ್ಲ. ಇಲ್ಲೂ ಅಷ್ಟೇ.

ಎರಡನೆಯದು ಖಾಲಿ ಜಾಗ. ದಂಗೆಯ ಗಲಾಟೆಯಲ್ಲಿ ಮನೆತನದ ಹಳೆಯ ಕಾಗದಪತ್ರಗಳೆಲ್ಲ ನಾಶವಾದವು ಎಂದೂ ಅದೇ ಪುಸ್ತಕ ಹೇಳುತ್ತದೆ. ದಾಖಲೆ ಇಲ್ಲದ ಕಡೆ ಯಾರು ಏನು ಬೇಕಾದರೂ ತುಂಬಬಹುದು. ಸುಳ್ಳು ಸಾಮಾನ್ಯವಾಗಿ ಪೂರ್ತಿ ಗಾಳಿಯಲ್ಲಿ ಹುಟ್ಟುವುದಿಲ್ಲ. ಒಂದು ಚೂರು ನಿಜ ಬೇಕು, ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗ ಬೇಕು.

ಇಂಟರ್‌ನೆಟ್ ಬಂದ ಮೇಲೆ ಆ ಖಾಲಿ ಜಾಗ ತುಂಬುವುದು ಇನ್ನೂ ಸುಲಭವಾಯಿತು. 2015ರ ಜೂನ್‌ನಲ್ಲಿ ವಿಕಿಪೀಡಿಯದಲ್ಲಿ ನೆಹರೂ ಕುಟುಂಬದ ಪುಟಗಳನ್ನು ತಿದ್ದಿ ಇದೇ ಕಥೆ ಸೇರಿಸಲಾಗಿತ್ತು. ತಿದ್ದುಪಡಿ ಬಂದದ್ದು ಕೇಂದ್ರ ಸರ್ಕಾರದ ಕಚೇರಿಗಳಿಗೆ ನೆಟ್‌ವರ್ಕ್ ಒದಗಿಸುವ ರಾಷ್ಟ್ರೀಯ ಮಾಹಿತಿ ಕೇಂದ್ರದ ಐಪಿ ವಿಳಾಸದಿಂದ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯವರು ಇದನ್ನು ಬೆಳಕಿಗೆ ತಂದರು. ವಿಕಿಪೀಡಿಯ ಸಂಪಾದಕರು ಆ ಸಾಲುಗಳನ್ನು ತೆಗೆದರು. ಆದರೆ ಆ ಪುಟದ ಸ್ಕ್ರೀನ್‌ಶಾಟ್ ಒಮ್ಮೆ ಯಾರದಾದರೂ ಫೋನಿಗೆ ಬಂದರೆ ಅದನ್ನು ಯಾವ ಸಂಪಾದಕರೂ ತೆಗೆಯಲಾರರು.

ಜಿನ್ನಾ ಲೆಕ್ಕ: ಒಂದು ಕಳೆಯುವ ಲೆಕ್ಕ ಸಾಕು

ಮೋತಿಲಾಲ್ ಹುಟ್ಟಿದ್ದು 1861ರ ಮೇ ತಿಂಗಳಲ್ಲಿ, ಆಗ್ರಾದಲ್ಲಿ. ಜಿನ್ನಾ ಹುಟ್ಟಿದ್ದು 1876ರ ಡಿಸೆಂಬರ್‌ನಲ್ಲಿ, ಕರಾಚಿಯಲ್ಲಿ. ಅಂದರೆ ಮೋತಿಲಾಲರಿಗೆ ಆಗ 15 ವರ್ಷ. ಜಿನ್ನಾ ಅವರ ತಂದೆ ಜಿನ್ನಾಭಾಯಿ ಪೂಂಜಾ, ಗುಜರಾತಿನ ಕಾಠಿಯಾವಾಡದ ಪಾನೇಲಿ ಊರಿನಿಂದ ಕರಾಚಿಗೆ ಹೋಗಿ ವ್ಯಾಪಾರ ಮಾಡಿದ ಖೋಜಾ ಮುಸ್ಲಿಂ.

ಶೇಖ್ ಅಬ್ದುಲ್ಲಾ 1905ರಲ್ಲಿ ಶ್ರೀನಗರದ ಬಳಿಯ ಸೌರಾದಲ್ಲಿ, ಶಾಲು ವ್ಯಾಪಾರದ ಕುಟುಂಬದಲ್ಲಿ ಹುಟ್ಟಿದವರು. ಮಗ ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ತಮ್ಮ ಪೂರ್ವಜರು ಕಾಶ್ಮೀರಿ ಪಂಡಿತರಾಗಿದ್ದರು ಎಂದು ಅಬ್ದುಲ್ಲಾ ಆತ್ಮಚರಿತ್ರೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಈ ಚೂರು ನಿಜಕ್ಕೆ ಯಾರೋ ಉಪ್ಪು ಖಾರ ಹಚ್ಚಿದ್ದಾರೆ.

ಫಿರೋಜ್ ಗಾಂಧಿ: ಖಾನ್ ಎಲ್ಲಿಂದ ಬಂತು?

ಫಿರೋಜ್ 1912ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪಾರ್ಸಿ. ತಂದೆ ಜಹಾಂಗೀರ್, ಹಡಗಿನ ಎಂಜಿನಿಯರ್, ತಾಯಿ ರತಿಮಾಯಿ. ಮೂಲ ಊರು ಗುಜರಾತಿನ ಭರೂಚ್. ಅಲಹಾಬಾದಿನಲ್ಲಿ ಅವರನ್ನು ಬೆಳೆಸಿದ್ದು ಡಾಕ್ಟರ್ ಆಗಿದ್ದ ಚಿಕ್ಕಮ್ಮ ಶಿರೀನ್ ಕಮಿಸರಿಯಟ್. ಆ ಹೆಸರನ್ನೇ ಗಮನಿಸಿ. ಕಾಂಟ್ರಾಕ್ಟರ್, ಎಂಜಿನಿಯರ್, ಬಾಟ್ಲಿವಾಲಾ ಎಂಬಂತೆ ಮಾಡುವ ಕೆಲಸವೇ ಹೆಸರಾಗುವುದು ಪಾರ್ಸಿಗಳ ಪದ್ಧತಿ. "ಗಾಂಧಿ" ಕೂಡ ಅಂಥದ್ದೇ. ಗಂಧದ್ರವ್ಯ, ದಿನಸಿ ಮಾರುವವರಿಗೆ ಬಂದ ಹೆಸರು. ಗುಜರಾತಿನಲ್ಲಿ ವೈಶ್ಯರಲ್ಲೂ ಇದೆ, ಪಾರ್ಸಿಗಳಲ್ಲೂ ಇದೆ. ಫಿರೋಜ್ ಮನೆಯವರು ಇಂಗ್ಲಿಷಿನಲ್ಲಿ ಅದನ್ನು ಬೇರೆ ಸ್ಪೆಲ್ಲಿಂಗಿನಲ್ಲಿ ಬರೆಯುತ್ತಿದ್ದರು. ಸ್ವಾತಂತ್ರ್ಯ ಹೋರಾಟಕ್ಕೆ ಬಂದ ಮೇಲೆ ಫಿರೋಜ್ ಮಹಾತ್ಮರಂತೆ ಬರೆಯಲು ಶುರುಮಾಡಿದರು. ಬದಲಾದದ್ದು ಸ್ಪೆಲ್ಲಿಂಗ್ ಮಾತ್ರ. ಮಹಾತ್ಮ ಗಾಂಧಿಗೂ ಅವರಿಗೂ ರಕ್ತಸಂಬಂಧ ಇಲ್ಲ, ದತ್ತು ತೆಗೆದುಕೊಂಡದ್ದೂ ಇಲ್ಲ.

ಇದಕ್ಕೆ ಗಟ್ಟಿ ಸಾಕ್ಷಿ ವಿರೋಧಿಗಳ ಪತ್ರಗಳಲ್ಲೇ ಇದೆ. 1942ರ ಮಾರ್ಚ್ 26ರಂದು ಮದುವೆ. ಅದಕ್ಕೆ ಕೆಲವೇ ದಿನ ಮೊದಲು ಗಾಂಧೀಜಿ "ಹರಿಜನ" ಪತ್ರಿಕೆಯಲ್ಲಿ, ಈ ಮದುವೆ ಖಂಡಿಸಿ ತಮಗೆ ಬಂದ ಬೈಗುಳದ ಪತ್ರಗಳಿಗೆ ಉತ್ತರ ಬರೆದರು. ಪತ್ರ ಬರೆದವರ ತಕರಾರು ಒಂದೇ: ಹುಡುಗ ಪಾರ್ಸಿ. ಅವರು ಮುಸ್ಲಿಂ ಆಗಿದ್ದರೆ ಅಷ್ಟು ಕೋಪದಲ್ಲಿದ್ದ ಜನ ಅದನ್ನು ಬರೆಯದೆ ಬಿಡುತ್ತಿರಲಿಲ್ಲ.

ಐದು ತಲೆಮಾರು ಹಿಂದೆ ಹೋದರೆ ಎಷ್ಟು ಜನ?

ಈಗ ಸ್ವಲ್ಪ ವಿಜ್ಞಾನ. ನಿಮಗೆ ತಂದೆ ತಾಯಿ ಇಬ್ಬರು. ಅಜ್ಜ ಅಜ್ಜಿಯರು ನಾಲ್ವರು. ಮುತ್ತಜ್ಜ ಮುತ್ತಜ್ಜಿಯರು ಎಂಟು. ಹೀಗೆ ಪ್ರತಿ ತಲೆಮಾರಿಗೂ ಎರಡರಷ್ಟಾಗುತ್ತದೆ. ಐದನೇ ತಲೆಮಾರಿಗೆ 32, ಹತ್ತನೆಯದಕ್ಕೆ 1,024.

ರಾಹುಲ್ ಗಾಂಧಿಯವರಿಂದ ಲೆಕ್ಕ ಹಾಕಿ. ರಾಜೀವ್, ಇಂದಿರಾ, ಜವಾಹರಲಾಲ್, ಮೋತಿಲಾಲ್, ಗಂಗಾಧರ. ಗಂಗಾಧರರು ಐದನೇ ತಲೆಮಾರು, ಅಂದರೆ 32 ಜನರಲ್ಲಿ ಒಬ್ಬರು. ಆ 32ರಲ್ಲಿ ತಾಯಿ ಸೋನಿಯಾ ಕಡೆಯಿಂದ ಇಟಲಿಯವರು 16, ಫಿರೋಜ್ ಕಡೆಯಿಂದ ಪಾರ್ಸಿಗಳು 8, ಇಂದಿರಾ ಕಡೆಯಿಂದ ಕಾಶ್ಮೀರಿ ಪಂಡಿತರು 8. ಫಾರ್ವರ್ಡ್ ಬರೆದವರು ಇಷ್ಟು ಜನರಲ್ಲಿ ಒಬ್ಬರನ್ನು ಮಾತ್ರ ಆರಿಸಿಕೊಂಡು, ಅವರ ಹೆಸರು ಬದಲಿಸಿ, ಇಡೀ ಕುಟುಂಬದ ಗುಟ್ಟು ಬಯಲಾಯಿತು ಎನ್ನುತ್ತಾರೆ. ಅಷ್ಟು ಹಿಂದಿನ ಒಬ್ಬ ಪೂರ್ವಜರಿಂದ ಬರುವ ಡಿಎನ್‌ಎ ಸರಾಸರಿ ಶೇ 3ರಷ್ಟು.

ಇನ್ನು ಡಿಎನ್‌ಎಯಲ್ಲಿ ಧರ್ಮ ಬರೆದಿರುವುದಿಲ್ಲ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಅಮೆರಿಕದ ಸಂಶೋಧಕರ ಜೊತೆ ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇಂದಿನ ಬಹುಪಾಲು ಭಾರತೀಯ ಸಮುದಾಯಗಳು ಎರಡು ಪ್ರಾಚೀನ ಜನಗುಂಪುಗಳ ಬೆರಕೆ. ಪ್ರಮಾಣ ಹೆಚ್ಚುಕಡಿಮೆ ಇರಬಹುದು, ಬೆರಕೆ ಎಲ್ಲ ಕಡೆ ಇದೆ.

ವಂಶಾವಳಿಯನ್ನು ನಿಜಕ್ಕೂ ಇಡುವವರು

ವಂಶಾವಳಿ ತಿಳಿಯುವ ಆಸೆ ತಪ್ಪಲ್ಲ. ನಮ್ಮಲ್ಲಿ ಹೆಳವರು ಊರೂರು ಸುತ್ತಿ, ಮನೆ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರನ್ನು ಸಾಲಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವ ಪದ್ಧತಿ ಇದೆ. ಹರಿದ್ವಾರದ ಪಂಡಾಗಳ ಬಳಿ ಯಾತ್ರೆಗೆ ಬಂದ ಕುಟುಂಬಗಳ ವಿವರವನ್ನು ತಲೆಮಾರುಗಳಿಂದ ಬರೆದಿಟ್ಟ "ವಹಿ" ಪುಸ್ತಕಗಳಿವೆ. ಇವರೆಲ್ಲರ ಕೆಲಸಕ್ಕೊಂದು ಶಿಸ್ತಿದೆ: ಯಾರು ಬರೆಸಿದರು, ಯಾವಾಗ ಬರೆಸಿದರು ಎಂಬ ಗುರುತು ಇರುತ್ತದೆ. ಫಾರ್ವರ್ಡ್‌ನಲ್ಲಿ ಬರೆದವರ ಹೆಸರೂ ಇಲ್ಲ, ತಾರೀಖೂ ಇಲ್ಲ.

ಇದು ನಮ್ಮ ದೇಶದ ಕಾಯಿಲೆ ಮಾತ್ರವಲ್ಲ

ಬರಾಕ್ ಒಬಾಮಾ ಅಮೆರಿಕದಲ್ಲಿ ಹುಟ್ಟಿಯೇ ಇಲ್ಲ, ಕೀನ್ಯಾದವರು ಎಂಬ ವದಂತಿ ವರ್ಷಗಟ್ಟಲೆ ಓಡಿತು. ಅವರು ಹುಟ್ಟಿದ್ದು 1961ರಲ್ಲಿ, ಹವಾಯಿಯ ಹೊನೊಲುಲುವಿನಲ್ಲಿ. 2011ರ ಏಪ್ರಿಲ್‌ನಲ್ಲಿ ಪೂರ್ಣ ಜನನ ಪ್ರಮಾಣಪತ್ರವನ್ನೇ ಪ್ರಕಟಿಸಬೇಕಾಯಿತು. ಆ ವದಂತಿಯನ್ನು ಜೋರಾಗಿ ಹಬ್ಬಿಸಿದವರಲ್ಲಿ ಡೊನಾಲ್ಡ್ ಟ್ರಂಪ್ ಒಬ್ಬರು. ಅದೇ ಟ್ರಂಪ್ 1987ರ ತಮ್ಮ ಪುಸ್ತಕದಲ್ಲಿ ಅಜ್ಜ ಸ್ವೀಡನ್‌ನವರು ಎಂದಿದ್ದರು. ನಿಜವಾಗಿ ಅವರ ಅಜ್ಜ 1885ರಲ್ಲಿ ಅಮೆರಿಕಕ್ಕೆ ಹೋದ ಜರ್ಮನಿಯ ಕಾಲ್‌ಸ್ಟಾಟ್ ಊರಿನವರು.

ಅಸಲಿ ಪ್ರಶ್ನೆ ಬೇರೆ ಇದೆ

ವಾದಕ್ಕಾಗಿ ಒಂದು ಮಾತು ಒಪ್ಪಿಕೊಳ್ಳೋಣ. ಗಂಗಾಧರರು ಮುಸ್ಲಿಂ ಆಗಿದ್ದರು ಎಂದೇ ಇಟ್ಟುಕೊಳ್ಳಿ. ಆಗ ಏನಾಗುತ್ತಿತ್ತು? ಸಂವಿಧಾನದ 84ನೇ ವಿಧಿ ಸಂಸದರಾಗಲು ಕೇಳುವುದು ಭಾರತದ ಪೌರತ್ವ ಮತ್ತು ವಯಸ್ಸು: ಲೋಕಸಭೆಗೆ 25, ರಾಜ್ಯಸಭೆಗೆ 30. 58ನೇ ವಿಧಿ ರಾಷ್ಟ್ರಪತಿಗೆ 35 ವರ್ಷ ಎನ್ನುತ್ತದೆ. ಅಜ್ಜನ ಧರ್ಮ ಯಾವ ವಿಧಿಯಲ್ಲೂ ಇಲ್ಲ.

ಆದರೂ ಈ ಮೆಸೇಜ್ ಕೆಲಸ ಮಾಡುತ್ತದೆ. ಏಕೆಂದರೆ "ಮುಸ್ಲಿಂ ಮೂಲ" ಎನ್ನುವುದೇ ಒಂದು ಆರೋಪ ಎಂದು ಓದುವವರು ಮೊದಲೇ ಒಪ್ಪಿಕೊಂಡಿರುತ್ತಾರೆ ಎಂಬ ಲೆಕ್ಕ ಅದರಲ್ಲಿದೆ. ಗ್ರೂಪಿನಲ್ಲಿ ಅದನ್ನು ಓದುವ ಮುಸ್ಲಿಂ ಗೆಳೆಯನಿಗೆ, ಹಳೆಯ ಸಹಪಾಠಿಗೆ, ಪಕ್ಕದ ಮನೆಯವರಿಗೆ ಅದು ನೆಹರೂ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಅವರ ಬಗ್ಗೆ ಹೇಳುತ್ತದೆ. ಸತ್ತು ನೂರಾರು ವರ್ಷವಾದವರಿಗೆ ಇದರಿಂದ ನಷ್ಟವಿಲ್ಲ. ನಷ್ಟ ಆಗುವುದು ಗ್ರೂಪಿನಲ್ಲಿ ಇರುವವರಿಗೆ.

ನಾವು ಯಾವ ಪಕ್ಷದ ಪರವಾಗಿಯೂ ಇದನ್ನು ಬರೆಯುತ್ತಿಲ್ಲ. 1962ರ ಚೀನಾ ಯುದ್ಧಕ್ಕೆ ನೆಹರೂ ಅವರನ್ನು, 1975ರ ತುರ್ತುಪರಿಸ್ಥಿತಿಗೆ ಇಂದಿರಾ ಅವರನ್ನು ಟೀಕಿಸಲು ಬೇಕಾದಷ್ಟು ದಾಖಲೆಗಳಿವೆ, ಟೀಕಿಸಬಹುದು. ಫಿರೋಜ್ ಗಾಂಧಿಯವರನ್ನೇ ನೋಡಿ. ರಾಯ್‌ಬರೇಲಿಯ ಸಂಸದರಾಗಿ ಅವರು ಮಾವನ ಸರ್ಕಾರವನ್ನೇ ಪ್ರಶ್ನಿಸಿದರು. ಅವರು ಲೋಕಸಭೆಯಲ್ಲಿ ಎತ್ತಿದ ಮುಂಧ್ರಾ ಹಗರಣದಿಂದಾಗಿ 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಒಬ್ಬ ನಾಯಕನನ್ನು ಅಳೆಯಲು ಇಂಥ ಕೆಲಸಗಳಿರುವಾಗ ಅಜ್ಜನ ಹೆಸರಿನ ಹಿಂದೆ ಬೀಳಬೇಕಿಲ್ಲ.

ಮುಂದೆ ಕಳಿಸುವ ಮೊದಲು ಐದು ಪ್ರಶ್ನೆ

1. ಹುಟ್ಟಿದ ವರ್ಷಗಳು ಹೊಂದುತ್ತವೆಯೇ? ಇಬ್ಬರ ಜನ್ಮವರ್ಷ ಕಳೆದು ನೋಡಿ.

2. ಮೂಲ ಬರಹ ಘಟನೆ ನಡೆದ ಕಾಲದ್ದೋ, ನೂರು ವರ್ಷ ಬಿಟ್ಟು ಬಂದದ್ದೋ?

3. ಆ ಕಾಲದ ವಿರೋಧಿಗಳು ಏನು ಹೇಳಿದ್ದರು? ಗುಟ್ಟು ನಿಜವಾಗಿದ್ದರೆ ಅವರೇ ಮೊದಲು ಕೂಗುತ್ತಿದ್ದರು.

4. ಉಡುಪು, ಗಡ್ಡ, ಮುಖಚಹರೆಯ ಚಿತ್ರವಷ್ಟೇ ಪುರಾವೆಯೇ?

5. ಮೆಸೇಜ್‌ನಲ್ಲಿರುವ ಧರ್ಮದ ಜಾಗದಲ್ಲಿ ನಿಮ್ಮ ಧರ್ಮ ಅಥವಾ ಜಾತಿ ಹಾಕಿ ಓದಿ. ಆಗಲೂ ಕಳಿಸುತ್ತೀರಾ?

ಗ್ರೂಪಿನಲ್ಲಿ ಜಗಳವಾಗದಂತೆ ಉತ್ತರಿಸಲು

ಮೆಸೇಜ್ ಕಳಿಸಿದವರು ಹೆಚ್ಚಾಗಿ ನಮ್ಮ ದೊಡ್ಡಪ್ಪ, ಅತ್ತೆ, ಹಳೆಯ ಮೇಷ್ಟ್ರೇ ಆಗಿರುತ್ತಾರೆ. ಎಲ್ಲರೆದುರು "ಸುಳ್ಳು ಹಬ್ಬಿಸಬೇಡಿ" ಎಂದರೆ ಅವರು ಹಟ ಹಿಡಿಯುತ್ತಾರೆ. ಮೊದಲು ಅವರೊಬ್ಬರಿಗೇ ಬರೆಯುವುದು ಒಳ್ಳೆಯದು. ಬೇಕಿದ್ದರೆ ಈ ಸಾಲುಗಳನ್ನು ಕಾಪಿ ಮಾಡಿಕೊಳ್ಳಿ:

"ನೀವು ಕಳಿಸಿದ್ದು ಓದಿದೆ. ಗಂಗಾಧರ ನೆಹರೂ ಕಾಶ್ಮೀರಿ ಪಂಡಿತರು, ದೆಹಲಿ ಪೊಲೀಸರ ಇತಿಹಾಸದಲ್ಲೂ ಅವರ ಹೆಸರು ಹಾಗೇ ಇದೆ. ಜಿನ್ನಾ ಹುಟ್ಟಿದಾಗ ಮೋತಿಲಾಲರಿಗೆ 15 ವರ್ಷ. ಫಿರೋಜ್ ಗಾಂಧಿ ಪಾರ್ಸಿ, 1942ರಲ್ಲಿ ಮದುವೆ ವಿರೋಧಿಸಿದವರೇ ಹಾಗೆ ಬರೆದಿದ್ದಾರೆ. ನಮ್ಮ ಗ್ರೂಪಿನಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ಇದನ್ನು ಓದಿ ಅವರಿಗೆ ನೋವಾಗಬಹುದು. ಡಿಲೀಟ್ ಮಾಡಿದರೆ ಒಳ್ಳೆಯದು ಅನ್ನಿಸಿತು."